ಸ್ವಂತ ಬಿಲ್ಡಿಂಗು, ಸ್ವಂತ ಭ್ರಮೆ

ಮುಂಬಯಿಯ ನಮ್ಮ ಜನಕ್ಕೆ ಬ್ಯಾಂಕು ಅಂದರೆ ಮೊದಲು ಕಣ್ಣಿಗೆ ಬೀಳುವುದು ಅದರ ಕಟ್ಟಡ. "ಅವರದ್ದು ಸ್ವಂತ ಬಿಲ್ಡಿಂಗ್ ಮಾರಾಯ್ರೆ, ಏನೂ ಆಗ್ಲಿಕ್ಕಿಲ್ಲ" ಅನ್ನುವ ಮಾತನ್ನು ಇಲ್ಲಿಗೆ ಬಂದ ಮೂವತ್ತೆಂಟು ವರ್ಷಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೋಟೆಲಿನ ಗಲ್ಲಾದ ಹಿಂದೆ ಕೂತವರು ಹೇಳಿದ್ದಾರೆ, ಸಂಘದ ಸಭೆಯಲ್ಲಿ ಹೇಳಿದ್ದಾರೆ, ಯಕ್ಷಗಾನ ನೋಡಲು ಬಂದು ಚಹಾ ಕುಡಿಯುತ್ತಾ ನಿಂತವರು ಹೇಳಿದ್ದಾರೆ. ಹೇಳಿದವರಲ್ಲಿ ಓದಿದವರೂ ಇದ್ದಾರೆ, ಓದದವರೂ ಇದ್ದಾರೆ.

ಈ ಮಾತು ತಪ್ಪು. ಬರೀ ತಪ್ಪಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಮಾತು ನಂಬಿ ನಮ್ಮವರು ತಮ್ಮ ಪ್ರಾವಿಡೆಂಟ್ ಫಂಡು, ಮಗಳ ಮದುವೆಯ ದುಡ್ಡು, ಊರಿನ ಗದ್ದೆ ಮಾರಿ ಬಂದ ದುಡ್ಡು ಎಲ್ಲವನ್ನೂ ಒಂದೇ ಕಡೆ ಇಡುತ್ತಾರೆ. ಅದಕ್ಕೇ ಇವತ್ತು ಸ್ವಲ್ಪ ಗಟ್ಟಿಯಾಗಿಯೇ ಬರೆಯುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬಂದರೂ ಪರವಾಗಿಲ್ಲ.

ನಮಗೆ ಬ್ಯಾಂಕಿನ ಮೇಲೆ ಈ ಪ್ರೀತಿ ಯಾಕೆ ಅಂತ ನನಗೆ ಗೊತ್ತಿದೆ. ಕರಾವಳಿಯ ನಾವು ಬ್ಯಾಂಕು ಕಟ್ಟಿದ ಜನ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಶುರು ಮಾಡಿದರು. ಅದೇ 1906ರಲ್ಲಿ ಇಲ್ಲಿ ಮುಂಬಯಿಯಲ್ಲಿ ಚಿತ್ರಾಪುರ ಸಾರಸ್ವತರು ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕ್ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ, 1978ರಲ್ಲಿ ಮುಂಬಯಿಯ ಬಿಲ್ಲವರ ಭಾರತ್ ಬ್ಯಾಂಕ್. ಇಷ್ಟು ದೊಡ್ಡ ಪರಂಪರೆ ಇದ್ದವರು ಬ್ಯಾಂಕಿನ ಬ್ಯಾಲೆನ್ಸ್ ಶೀಟು ಓದುವುದರಲ್ಲೂ ಮುಂದಿರಬೇಕಿತ್ತಲ್ಲವೇ? ಇಲ್ಲ. ವಾರ್ಷಿಕ ವರದಿ ಅಂಚೆಯಲ್ಲಿ ಬಂದರೆ ನಾವು ನೋಡುವುದು ಮೂರೇ. ಮುಖಪುಟದ ಕಟ್ಟಡದ ಫೋಟೋ, ಆಡಳಿತ ಮಂಡಳಿಯ ಗ್ರೂಪ್ ಫೋಟೋ, ಡಿವಿಡೆಂಡ್ ಎಷ್ಟು ಅನ್ನುವುದು. ಉಳಿದದ್ದು ರದ್ದಿಯವನಿಗೆ.

ಇರಲಿ, ಇವತ್ತು ಆ ರದ್ದಿಗೆ ಹೋಗುವ ಪುಟವನ್ನೇ ತೆಗೆಯೋಣ.

ಬ್ಯಾಂಕಿನ ಬ್ಯಾಲೆನ್ಸ್ ಶೀಟು ಹೇಗಿರಬೇಕು ಅಂತ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲೇ ನಮೂನೆ ಕೊಟ್ಟಿದ್ದಾರೆ. ಒಂದು ಕಡೆ ಬಂಡವಾಳ ಮತ್ತು ಹೊಣೆ, ಇನ್ನೊಂದು ಕಡೆ ಆಸ್ತಿ. ವಾಣಿಜ್ಯ ಬ್ಯಾಂಕಿನ ವರದಿಯಲ್ಲಿ ಆಸ್ತಿಯ ಕಡೆ ಸಾಲಾಗಿ ಬರುವುದು ಹೀಗೆ: ಷೆಡ್ಯೂಲ್ 6 ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣ, 7 ಬೇರೆ ಬ್ಯಾಂಕುಗಳಲ್ಲಿಟ್ಟ ಹಣ, 8 ಹೂಡಿಕೆ, 9 ಕೊಟ್ಟ ಸಾಲ, 10 ಸ್ಥಿರಾಸ್ತಿ, 11 ಇತರ ಆಸ್ತಿ. ಸ್ಥಿರಾಸ್ತಿ ಬರುವುದು ಹತ್ತನೆಯದಾಗಿ ಅನ್ನುವುದನ್ನು ಗಮನಿಸಿ. ಬೇಗ ನಗದಾಗುವುದು ಮೊದಲು, ಸುಲಭಕ್ಕೆ ನಗದಾಗದ್ದು ಕೊನೆಗೆ. ಪಟ್ಟಿಯ ಕ್ರಮವೇ ಅರ್ಧ ಪಾಠ ಹೇಳುತ್ತದೆ. ಸಹಕಾರಿ ಬ್ಯಾಂಕುಗಳ ವರದಿಯಲ್ಲಿ ನಮೂನೆ ಸ್ವಲ್ಪ ಬೇರೆ ಕಂಡರೂ ಅರ್ಥ ಇದೇ.

ಆ ಷೆಡ್ಯೂಲ್ 10ರಲ್ಲಿ ಏನಿರುತ್ತದೆ? ಎರಡು ಭಾಗ. ಒಂದು ಕಟ್ಟಡ, ಇನ್ನೊಂದು ಪೀಠೋಪಕರಣವೂ ಸೇರಿದ ಇತರ ಸ್ಥಿರಾಸ್ತಿ. ಎರಡಕ್ಕೂ ನಾಲ್ಕು ಸಾಲು ಲೆಕ್ಕ. ಕಳೆದ ಮಾರ್ಚ್ 31ಕ್ಕೆ ಇದ್ದ ಮೂಲ ಬೆಲೆ, ಈ ವರ್ಷ ಸೇರಿಸಿದ್ದು, ಈ ವರ್ಷ ಕಳೆದದ್ದು, ಇಲ್ಲಿಯ ತನಕದ ಒಟ್ಟು ಸವಕಳಿ. ಕುರ್ಚಿ, ಮೇಜು, ಏಸಿ, ತಿಜೋರಿ, ಎಟಿಎಂ ಯಂತ್ರ, ಅಧ್ಯಕ್ಷರ ಕಾರು ಎಲ್ಲ ಎರಡನೇ ಭಾಗದಲ್ಲಿ. ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 33.33ರಂತೆ ಸವಕಳಿ ಹಾಕಬೇಕು, ಅಂದರೆ ಮೂರು ವರ್ಷದಲ್ಲಿ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಕಟ್ಟಡ ನಿಧಾನವಾಗಿ ಸವೆಯುತ್ತದೆ, ನೆಲಕ್ಕೆ ಸವಕಳಿಯೇ ಇಲ್ಲ.

ಈಗ ಗಾತ್ರ ನೋಡಿ. ಸರಿಯಾಗಿ ನಡೆಯುವ ಬ್ಯಾಂಕಿನಲ್ಲಿ ಸ್ಥಿರಾಸ್ತಿ ಒಟ್ಟು ಆಸ್ತಿಯ ನೂರರಲ್ಲಿ ಒಂದೆರಡು ಪಾಲು ಇದ್ದರೆ ಹೆಚ್ಚು. ಉಳಿದ ತೊಂಬತ್ತೆಂಟು ಪಾಲು ಸಾಲ, ಸರ್ಕಾರಿ ಬಾಂಡು, ನಗದು ಮುಂತಾದವು. ನೀವು ಇಟ್ಟ ಠೇವಣಿ ಹೋಗಿ ಕೂತಿರುವುದು ಆ ತೊಂಬತ್ತೆಂಟರಲ್ಲಿ. ಅದನ್ನು ಬಿಟ್ಟು ಈ ಎರಡು ಪಾಲನ್ನು ನೋಡಿ "ಬ್ಯಾಂಕು ಗಟ್ಟಿ" ಅನ್ನುವುದು, ಹುಡುಗನ ಶೂ ನೋಡಿ ಹೆಣ್ಣು ಕೊಟ್ಟ ಹಾಗೆ.

ನನ್ನ ಮಾತು ಬೇಡ, ರಿಸರ್ವ್ ಬ್ಯಾಂಕು ಏನು ಹೇಳುತ್ತದೆ ನೋಡಿ. ಬ್ಯಾಂಕಿಗೆ ಎಷ್ಟು ಬಂಡವಾಳ ಬೇಕು ಅಂತ ಲೆಕ್ಕ ಹಾಕುವಾಗ ಪ್ರತಿ ಆಸ್ತಿಗೂ ಅಪಾಯದ ತೂಕ ಕೊಡುತ್ತಾರೆ. ನಗದಿಗೆ ಸೊನ್ನೆ. ಕಟ್ಟಡಕ್ಕೆ, ಪೀಠೋಪಕರಣಕ್ಕೆ ಎಷ್ಟು ಗೊತ್ತೇ? ನೂರಕ್ಕೆ ನೂರು! ಮಾಮೂಲು ವ್ಯಾಪಾರದ ಸಾಲಕ್ಕೆ ಹಾಕುವಷ್ಟೇ ತೂಕ. ಅಂದರೆ ನೀವು ಧೈರ್ಯಕ್ಕೆ ನೋಡುವ ಆ ಗಾಜಿನ ಕಟ್ಟಡವನ್ನು ರಿಸರ್ವ್ ಬ್ಯಾಂಕು ಧೈರ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಪಾಯದ ಲೆಕ್ಕಕ್ಕೆ ಹಿಡಿಯುತ್ತದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಮರುಮೌಲ್ಯಮಾಪನ ಅನ್ನುವ ಜಾದೂ.

ಕೆಲವು ವರ್ಷಗಳ ಹಿಂದೆ ಒಂದು ಸಹಕಾರಿ ಬ್ಯಾಂಕಿನ ಮಹಾಸಭೆಗೆ ಹೋಗಿದ್ದೆ. ಹೆಸರು ಬೇಡ. ವೇದಿಕೆಯಿಂದ ಘೋಷಣೆ ಆಯಿತು, "ನಮ್ಮ ಮೀಸಲು ನಿಧಿ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆದಿದೆ." ಚಪ್ಪಾಳೆಯೋ ಚಪ್ಪಾಳೆ. ನಾನು ಎದ್ದು ನಿಂತು ಕೇಳಿದೆ: "ಇದರಲ್ಲಿ ಲಾಭದಿಂದ ಬಂದದ್ದೆಷ್ಟು, ಕಟ್ಟಡದ ಬೆಲೆ ಏರಿಸಿ ಬರೆದದ್ದೆಷ್ಟು?" ಸಭೆ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ವೇದಿಕೆಯ ಮೇಲಿದ್ದ ಒಬ್ಬರು ನಗುತ್ತಾ, "ಅಣ್ಣ, ಅದೆಲ್ಲ ವರದಿಯಲ್ಲಿ ಉಂಟು, ಓದಿ. ಊಟ ತಣ್ಣಗಾಗ್ತದೆ, ಮುಂದಿನ ವಿಷಯಕ್ಕೆ ಹೋಗುವ" ಅಂದರು. ಸಭೆ ನಕ್ಕಿತು. ಪಕ್ಕದವರು ನನ್ನ ಅಂಗಿ ಎಳೆದು ಕೂರಿಸಿದರು. ಉತ್ತರ ಮಾತ್ರ ಇವತ್ತಿನ ತನಕ ಬಂದಿಲ್ಲ.

ವರದಿಯಲ್ಲಿ ಇತ್ತು, ನಿಜ. ಸಣ್ಣ ಅಕ್ಷರದಲ್ಲಿತ್ತು. ಈ ಜಾದೂ ಹೇಗೆ ನಡೆಯುತ್ತದೆ ಅಂತ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಅಂಕಿಗಳು ನಾನು ಹಾಕಿಕೊಂಡದ್ದು, ಲೆಕ್ಕದ ದಾರಿ ನಿಜವಾದದ್ದು.

ಒಂದು ಬ್ಯಾಂಕು 1975ರಲ್ಲಿ 20 ಲಕ್ಷಕ್ಕೆ ಜಾಗ ಕೊಂಡಿತ್ತು ಅನ್ನೋಣ. ಸವಕಳಿ ಹೋಗಿ ಹೋಗಿ ಪುಸ್ತಕದಲ್ಲಿ ಈಗ ಉಳಿದದ್ದು 3 ಲಕ್ಷ. ವ್ಯಾಲ್ಯುಯರ್ ಬಂದು "ಈಗಿನ ಬೆಲೆ 15 ಕೋಟಿ" ಅಂತ ಬರೆದುಕೊಟ್ಟ. ಆಸ್ತಿಯ ಕಡೆ 14 ಕೋಟಿ 97 ಲಕ್ಷ ಏರಿತು. ಎರಡೂ ಕಡೆ ಸಮ ಆಗಬೇಕಲ್ಲ, ಹಾಗಾಗಿ ಆಚೆ ಕಡೆ ಅಷ್ಟೇ ಮೊತ್ತ "ಮರುಮೌಲ್ಯಮಾಪನ ಮೀಸಲು" ಅಂತ ಕೂತಿತು. ಬ್ಯಾಂಕಿಗೆ ಬಂದ ದುಡ್ಡೆಷ್ಟು? ಒಂದು ರೂಪಾಯಿ ಇಲ್ಲ. ಬದಲಿಗೆ ವ್ಯಾಲ್ಯುಯರನ ಫೀಸು ಹೋಯಿತು.

ಇಲ್ಲಿಗೇ ನಿಂತರೆ ತೊಂದರೆಯಿಲ್ಲ. ಆದರೆ ಇದರ ಶೇಕಡಾ 55 ಬಿಟ್ಟು ಉಳಿದ 45 ಭಾಗವನ್ನು ಬಂಡವಾಳ ಅಂತ ಲೆಕ್ಕ ಹಿಡಿಯಬಹುದು. ಮೊದಲು ಇದು ಎರಡನೇ ದರ್ಜೆಯ ಬಂಡವಾಳವಾಗಿತ್ತು. ವಾಣಿಜ್ಯ ಬ್ಯಾಂಕುಗಳಿಗೆ 2016ರಲ್ಲಿ, ಅರ್ಬನ್ ಸಹಕಾರಿ ಬ್ಯಾಂಕುಗಳಿಗೆ 2022ರ ಡಿಸೆಂಬರಿನಲ್ಲಿ ಇದನ್ನು ಮೊದಲ ದರ್ಜೆಗೆ ಸೇರಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ನಮ್ಮ ಉದಾಹರಣೆಯಲ್ಲಿ 14.97 ಕೋಟಿಯ 45 ಭಾಗ ಅಂದರೆ ಸುಮಾರು 6.74 ಕೋಟಿ. ಏರಿದ ಕಟ್ಟಡದ ಬೆಲೆಗೂ ನೂರರ ತೂಕ ಇರುವುದರಿಂದ, 9 ಶೇಕಡಾ ನಿಯಮದಂತೆ 1.35 ಕೋಟಿ ಅದಕ್ಕೇ ಹೋಯಿತು. ಉಳಿದದ್ದು 5.39 ಕೋಟಿ. ಈ ಬಂಡವಾಳದ ಮೇಲೆ ಬ್ಯಾಂಕು ಎಷ್ಟು ಹೊಸ ಸಾಲ ಕೊಡಬಹುದು? ಸುಮಾರು 60 ಕೋಟಿ!

ಮತ್ತೊಮ್ಮೆ ಓದಿ. ಗೋಡೆಗೆ ಸುಣ್ಣವನ್ನೂ ಹೊಡೆದಿಲ್ಲ, ಒಬ್ಬ ಸದಸ್ಯನಿಂದ ಒಂದು ಷೇರೂ ಹೊಸದಾಗಿ ಬಂದಿಲ್ಲ. ಒಂದು ಕಾಗದದ ಬಲದ ಮೇಲೆ 60 ಕೋಟಿ ಸಾಲ ಕೊಡುವ ಜಾಗ ಹುಟ್ಟಿತು. ಆ 60 ಕೋಟಿ ಎಲ್ಲಿಂದ ಬರುತ್ತದೆ? ನಿಮ್ಮ ನನ್ನ ಠೇವಣಿಯಿಂದ. ಆ ಸಾಲ ಮುಳುಗಿದರೆ ಕಟ್ಟಡ ಮಾರಿ ಕೊಡುತ್ತಾರೆಯೇ? ಮುಂಬಯಿಯಲ್ಲಿ ಒಂದು ಕಮರ್ಷಿಯಲ್ ಗಾಲಾ ಮಾರುವುದಕ್ಕೇ ಎಷ್ಟು ತಿಂಗಳು ಹಿಡಿಯುತ್ತದೆ, ಸೊಸೈಟಿಯ ಎನ್‌ಓಸಿ, ಕನ್ವೇಯನ್ಸ್ ಅಂತ ಎಷ್ಟು ಮೆಟ್ಟಿಲು ಹತ್ತಬೇಕು ಅಂತ ನಿಮಗೆ ನಾನು ಹೇಳಬೇಕೇ?

"ರಿಸರ್ವ್ ಬ್ಯಾಂಕೇ ಒಪ್ಪಿದೆ, ನಿಮ್ಮದೇನು ತಕರಾರು?" ಅಂತ ಕೇಳುವವರಿದ್ದಾರೆ. ಸ್ವಾಮಿ, ರಿಸರ್ವ್ ಬ್ಯಾಂಕು ಸುಮ್ಮನೆ ಒಪ್ಪಿಲ್ಲ. ಆ ಆಸ್ತಿಯನ್ನು ಬ್ಯಾಂಕು ತನ್ನ ಇಚ್ಛೆಯಂತೆ ಕೂಡಲೇ ಮಾರುವಂತಿರಬೇಕು, ಕಾನೂನಿನ ತೊಡಕು ಇರಬಾರದು ಅಂದಿದೆ. ಕನಿಷ್ಠ ಮೂರು ವರ್ಷಕ್ಕೊಮ್ಮೆ ಇಬ್ಬರು ಸ್ವತಂತ್ರ ವ್ಯಾಲ್ಯುಯರ್‌ಗಳಿಂದ ಬೆಲೆ ಕಟ್ಟಿಸಬೇಕು, ಆ ಮೀಸಲನ್ನು ಬೇರೆಯಾಗಿಯೇ ತೋರಿಸಬೇಕು ಅಂದಿದೆ. ಇಷ್ಟೆಲ್ಲ ಆದ ಮೇಲೂ ನೂರಕ್ಕೆ ನಲವತ್ತೈದನ್ನು ಮಾತ್ರ ನಂಬಿದೆ. ನಮ್ಮ ವೇದಿಕೆಯಿಂದ ಮಾತ್ರ ನೂರಕ್ಕೆ ನೂರನ್ನೂ ಸಾಧನೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನ್ನ ತಕರಾರು ಇದು. ನಿಯಮ ಮುರಿದರು ಅಂತ ನಾನು ಹೇಳುತ್ತಿಲ್ಲ, ಸದಸ್ಯರಿಗೆ ನೆಟ್ಟಗೆ ಹೇಳಲಿಲ್ಲ ಅನ್ನುತ್ತಿದ್ದೇನೆ. ಈ ಮೀಸಲಿನಿಂದ ಒಂದು ರೂಪಾಯಿ ಡಿವಿಡೆಂಡ್ ಹಂಚುವಂತಿಲ್ಲ ಅನ್ನುವುದನ್ನಾದರೂ ಹೇಳಬಹುದಿತ್ತಲ್ಲ?

ಇನ್ನೊಂದು ಲೆಕ್ಕ ಮನೆಯಲ್ಲೇ ಕೂತು ಹಾಕಬಹುದು. ವೇದಿಕೆಯ ಮೇಲೆ "ಸ್ವಂತ ನಿಧಿ 100 ಕೋಟಿ" ಅಂದರು ಅನ್ನಿ. ವರದಿ ತೆಗೆದು ನೋಡಿದರೆ ಅದರಲ್ಲಿ 30 ಕೋಟಿ ಮರುಮೌಲ್ಯಮಾಪನದ್ದು. ಉಳಿದದ್ದು 70. ಕಟ್ಟಡ, ಯಂತ್ರಗಳಿಗೆ ನಿಜವಾಗಿ ಹಾಕಿ ಇನ್ನೂ ಸವೆಯದೆ ಉಳಿದ ದುಡ್ಡು 15 ಕೋಟಿ, ಅದು ಗೋಡೆಯೊಳಗೆ ಸಿಕ್ಕಿಕೊಂಡಿದೆ. ಉಳಿದದ್ದು 55. ಪ್ರಾವಿಷನ್ ಕಳೆದ ಮೇಲೂ ಉಳಿದ ನಿವ್ವಳ ಎನ್‌ಪಿಎ 25 ಕೋಟಿ. ಬಂದರೆ ಬಂತು, ಹೋದರೆ ಹೋಯಿತು. ಕಷ್ಟ ಬಂದ ದಿನ ಕೈಗೆ ಸಿಗುವ ಸ್ವಂತ ದುಡ್ಡು 30 ಕೋಟಿ. ವೇದಿಕೆಯ ಮೇಲೆ ನೂರು, ಮನೆಯ ಲೆಕ್ಕದಲ್ಲಿ ಮೂವತ್ತು. ಕೂಡಿ ಕಳೆಯಲು ಬಂದರೆ ಸಾಕು, ಇದಕ್ಕೆ ಸಿ.ಎ. ಓದಬೇಕಾಗಿಲ್ಲ.

"ಸ್ವಂತ ಕಟ್ಟಡ ಇದ್ದರೆ ಬಾಡಿಗೆ ಉಳಿಯುತ್ತದಲ್ಲ?" ಅನ್ನುವವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಹಿಂದಿನವರು ಅಗ್ಗದ ಕಾಲದಲ್ಲಿ ಕೊಂಡಿಟ್ಟ ಜಾಗ ಬ್ಯಾಂಕಿಗೆ ವರವೇ. ಅದನ್ನು ಹಳೇ ಬೆಲೆಯಲ್ಲೇ ಪುಸ್ತಕದಲ್ಲಿಟ್ಟು ತೆಪ್ಪಗಿರುವ ಬ್ಯಾಂಕನ್ನು ನಾನು ಹೆಚ್ಚು ನಂಬುತ್ತೇನೆ. ಆದರೆ ಇವತ್ತಿನ ಬೆಲೆಯಲ್ಲಿ 30 ಕೋಟಿ ಕೊಟ್ಟು ಹೊಸ ಹೆಡ್ಡಾಫೀಸು ಕೊಳ್ಳುವ ಲೆಕ್ಕ ಬೇರೆ. ಆ 30 ಕೋಟಿಯನ್ನು 7 ಶೇಕಡಾ ಬಡ್ಡಿಯ ಬಾಂಡಿನಲ್ಲಿಟ್ಟರೆ ವರ್ಷಕ್ಕೆ 2 ಕೋಟಿ 10 ಲಕ್ಷ ಬರುತ್ತದೆ. ಉಳಿಯುವ ಬಾಡಿಗೆ ಅದಕ್ಕಿಂತ ಹೆಚ್ಚೋ ಕಡಿಮೆಯೋ? ಅದರ ಮೇಲೆ ಸವಕಳಿ, ಮುನಿಸಿಪಾಲಿಟಿ ತೆರಿಗೆ, ರಿಪೇರಿ. ಈ ಲೆಕ್ಕವನ್ನು ಎಷ್ಟು ಆಡಳಿತ ಮಂಡಳಿಗಳು ಸದಸ್ಯರ ಮುಂದೆ ಇಟ್ಟಿವೆ? ನಾನಂತೂ ಒಂದು ಮಹಾಸಭೆಯಲ್ಲೂ ನೋಡಿಲ್ಲ. ಕಲ್ಲಿನಲ್ಲಿ ಕೆತ್ತಿಸಿದ ಉದ್ಘಾಟಕರ ಹೆಸರು ಮಾತ್ರ ನೋಡಿದ್ದೇನೆ.

ಇನ್ನೊಂದು ಮೂಲೆ ಇದೆ, ಯಾರೂ ಅಲ್ಲಿಗೆ ಟಾರ್ಚು ಬಿಡುವುದಿಲ್ಲ. ಸಾಲ ತೀರಿಸದವರಿಂದ ಬ್ಯಾಂಕು ವಶಕ್ಕೆ ತೆಗೆದುಕೊಂಡ ಫ್ಲಾಟು, ಗೋಡೌನು, ಜಮೀನು ಸ್ಥಿರಾಸ್ತಿಯ ಸಾಲಿನಲ್ಲಿ ಬರುವುದಿಲ್ಲ. "ಸಾಲದ ಬಾಬ್ತು ಪಡೆದ ಬ್ಯಾಂಕೇತರ ಆಸ್ತಿ" ಅಂತ ಬೇರೆ ಸಾಲಿನಲ್ಲಿ ಕೂತಿರುತ್ತದೆ. ಸ್ವಂತ ಉಪಯೋಗಕ್ಕೆ ಬೇಡದ ಸ್ಥಿರಾಸ್ತಿಯನ್ನು ಏಳು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಅಂತ ಕಾಯ್ದೆಯ 9ನೇ ಕಲಮು ಹೇಳುತ್ತದೆ, ರಿಸರ್ವ್ ಬ್ಯಾಂಕು ಬೇಕಾದರೆ ಅವಧಿ ವಿಸ್ತರಿಸಬಹುದು. ಯಾಕೆ ಈ ನಿಯಮ? ಬ್ಯಾಂಕಿನ ಕೆಲಸ ಬ್ಯಾಂಕಿಂಗು, ಜಾಗದ ದಲ್ಲಾಳಿ ಕೆಲಸವಲ್ಲ ಅಂತ. ಆ ಸಾಲಿನ ಅಂಕಿ ವರ್ಷದಿಂದ ವರ್ಷಕ್ಕೆ ಅಲುಗಾಡದೆ ಹಾಗೇ ಕೂತಿದ್ದರೆ, ಒಂದೋ ಆ ಜಾಗಕ್ಕೆ ಗಿರಾಕಿ ಇಲ್ಲ, ಇಲ್ಲವೇ ಬರೆದ ಬೆಲೆಗೆ ಗಿರಾಕಿ ಇಲ್ಲ. ಎರಡೂ ನಮಗೆ ಒಳ್ಳೆಯ ಸುದ್ದಿಯಲ್ಲ.

ಕಟ್ಟಡ ಕಾಪಾಡುತ್ತದೆ ಅನ್ನುವವರಿಗೆ ನಮ್ಮ ಊರಿನದೇ ಎರಡು ಉದಾಹರಣೆ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಆಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ನಿರ್ಬಂಧ ಬಿತ್ತು. 11,600 ಕೋಟಿಗೂ ಹೆಚ್ಚು ಠೇವಣಿ ಇದ್ದ ಬ್ಯಾಂಕು, ಮೊದಲ ಆದೇಶದಲ್ಲಿ ತೆಗೆಯಲು ಬಿಟ್ಟದ್ದು ಬರೀ 1,000 ರೂಪಾಯಿ. ಕೊಟ್ಟ ಸಾಲದಲ್ಲಿ ಶೇಕಡಾ 70ಕ್ಕೂ ಹೆಚ್ಚು ಒಂದೇ ಬಿಲ್ಡರ್ ಗುಂಪಿಗೆ ಹೋಗಿತ್ತು. ಶಾಖೆಗಳ ಬೋರ್ಡು ಹಿಂದಿನ ದಿನದ ತನಕ ಹೊಳೆಯುತ್ತಲೇ ಇತ್ತು. 2022ರ ಜನವರಿಯಲ್ಲಿ ಅದು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡನೆಯದು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್. ಇದರ ಮೂಲ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸರು 1968ರಲ್ಲಿ ಕಾರ್ಮಿಕರಿಗಾಗಿ ಕಟ್ಟಿದ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್. 2025ರ ಫೆಬ್ರವರಿಯಲ್ಲಿ ಇದಕ್ಕೂ ನಿರ್ಬಂಧ ಬಂತು, ತಿಜೋರಿಯಲ್ಲಿ ಇರಬೇಕಾದ 122 ಕೋಟಿ ರೂಪಾಯಿ ಇಲ್ಲ ಅಂತ ಪೊಲೀಸರಲ್ಲಿ ದೂರು ದಾಖಲಾಯಿತು. ಅದೇ ವರ್ಷ ಅದು ಸಾರಸ್ವತ್ ಬ್ಯಾಂಕಿನಲ್ಲಿ ಸೇರಿಹೋಯಿತು. ಎರಡೂ ಕಡೆ ಬಾಗಿಲಲ್ಲಿ ಅತ್ತವರಿಗೆ ಕಟ್ಟಡ ಉತ್ತರ ಕೊಡಲಿಲ್ಲ.

ಕಟ್ಟಡ ಬ್ಯಾಂಕನ್ನೂ ಉಳಿಸುವುದಿಲ್ಲ. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. 2020ರ ಏಪ್ರಿಲಿನಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟು ಕೆನರಾದೊಳಗೆ ಹೋದವು. ನಾವು ಹೆಮ್ಮೆಯಿಂದ ನೆಂಟರಿಗೆ ತೋರಿಸುತ್ತಿದ್ದ ಆ ಕಟ್ಟಡಗಳು ಇನ್ನೊಬ್ಬರ ಷೆಡ್ಯೂಲ್ 10ರಲ್ಲಿ ಒಂದು ಅಂಕಿಯಾಗಿ ಕರಗಿಹೋದವು. ಬೋರ್ಡು ಬದಲಾಯಿತು, ಅಷ್ಟೇ.

ಹಾಗಾದರೆ ಠೇವಣಿದಾರನಿಗೆ ಗ್ಯಾರಂಟಿ ಏನು? ಠೇವಣಿ ವಿಮೆ. 1993ರಿಂದ 1 ಲಕ್ಷಕ್ಕೆ ನಿಂತಿದ್ದ ಮಿತಿ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು, ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ. 2021ರ ತಿದ್ದುಪಡಿಯ ನಂತರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೂ 90 ದಿನದೊಳಗೆ ಆ ಮೊತ್ತ ಸಿಗಬೇಕು ಅಂತಾಯಿತು. ನಮ್ಮ ಪೈಕಿಯವರೊಬ್ಬರು, ವಯಸ್ಸಾದವರು, ನಲವತ್ತು ವರ್ಷ ಹೋಟೆಲಿನಲ್ಲಿ ದುಡಿದು ಉಳಿಸಿದ್ದೆಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ, ಒಂದೇ ಹೆಸರಿನಲ್ಲಿ ಇಟ್ಟಿದ್ದಾರೆ. 5 ಲಕ್ಷದ ಮೂರು ಪಟ್ಟು. "ಯಾಕೆ ಮಾವ, ಎರಡು ಮೂರು ಕಡೆ ಹಂಚಿ ಇಡಬಹುದಲ್ಲ?" ಅಂತ ಕೇಳಿದರೆ, "ನಮ್ಮವರದ್ದೇ ಬ್ಯಾಂಕು, ಆರು ಮಾಳಿಗೆ ಕಟ್ಟಿದ್ದಾರೆ" ಅನ್ನುತ್ತಾರೆ. ಆ ಆರು ಮಾಳಿಗೆಯ ಮಾತು ಅವರ ತಲೆಗೆ ತುಂಬಿದವರು ಯಾರು? ವರ್ಷಾ ವರ್ಷಾ ಮುಖಪುಟದಲ್ಲಿ ಕಟ್ಟಡ ಅಚ್ಚು ಹಾಕಿದವರು. ನನಗೆ ಸಿಟ್ಟು ಬರುವುದು ಇದಕ್ಕೆ.

ಹಾಗಂತ ಸಹಕಾರಿ ಬ್ಯಾಂಕು ಬೇಡ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಬ್ಯಾಂಕುಗಳು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಟೇಬಲ್ ಒರೆಸುವ ಹುಡುಗನಿಗೆ ಪಾಸ್‌ಬುಕ್ ಕೊಟ್ಟದ್ದು, ಸಣ್ಣ ಕ್ಯಾಂಟೀನಿಗೆ ಸಾಲ ಕೊಟ್ಟದ್ದು ಇವೇ ಬ್ಯಾಂಕುಗಳು. ಅವು ಉಳಿಯಬೇಕು. ಉಳಿಯಬೇಕಾದರೆ ಸದಸ್ಯರು ಚಪ್ಪಾಳೆ ಕಡಿಮೆ ಮಾಡಿ ಪ್ರಶ್ನೆ ಜಾಸ್ತಿ ಮಾಡಬೇಕು.

ಮಾರ್ಚಿಗೆ ಲೆಕ್ಕ ಮುಗಿದು ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ ಕೊನೆಯೊಳಗೆ ಮಹಾಸಭೆ ನಡೆಯಲೇಬೇಕು. ನೋಟೀಸು ಬಂದಾಗ ನಾಲ್ಕು ಪ್ರಶ್ನೆ ಬರೆದು ಮೊದಲೇ ಕಳಿಸಿ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಒಂದು, ಮೀಸಲು ನಿಧಿಯಲ್ಲಿ ಮರುಮೌಲ್ಯಮಾಪನದ ಪಾಲೆಷ್ಟು, ಅದು ಬಿಟ್ಟರೆ ಬಂಡವಾಳದ ಶೇಕಡಾವಾರು ಎಷ್ಟು? ಎರಡು, ಈ ವರ್ಷದ ಲಾಭದಲ್ಲಿ ಕಟ್ಟಡ, ಜಾಗ ಮಾರಿ ಬಂದದ್ದೆಷ್ಟು? ಸಾಲದ ವ್ಯವಹಾರ ಸೋತ ವರ್ಷ ಆಸ್ತಿ ಮಾರಿ ಲಾಭ ತೋರಿಸಬಹುದು, ಆದರೆ ಒಂದೇ ಆಸ್ತಿಯನ್ನು ಎರಡು ಸಲ ಮಾರಲಾಗುವುದಿಲ್ಲ. ಮೂರು, ಸಾಲಕ್ಕೆ ಬದಲಾಗಿ ಪಡೆದ ಆಸ್ತಿ ಯಾವುವು, ಎಷ್ಟು ವರ್ಷದಿಂದ ಕೂತಿವೆ? ನಾಲ್ಕು, ಹೊಸ ಕಟ್ಟಡಕ್ಕೆ ಹಾಕಿದ ದುಡ್ಡಿಗೆ ಬಾಡಿಗೆಯ ಲೆಕ್ಕ ಹೋಲಿಸಿ ನೋಡಿದ್ದೀರಾ?

ಹಿಂದಿಯಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ, ನಮ್ಮವರೇ ಇದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ಒಬ್ಬ ಕೇಳಿದರೆ ಅಂಗಿ ಎಳೆದು ಕೂರಿಸುತ್ತಾರೆ. ಇಪ್ಪತ್ತು ಮಂದಿ ಎದ್ದು ನಿಂತರೆ ಎಷ್ಟು ಅಂಗಿ ಎಳೆಯುತ್ತಾರೆ ಸ್ವಾಮಿ? ಊಟ ಸ್ವಲ್ಪ ತಣ್ಣಗಾದರೆ ಆಗಲಿ. ಏನಂತೀರಿ?